ಸ್ವಿಫ್ಟ್‌ಗೆ ಪಾಲಿಯುರೆಥೇನ್ ಬುಶ್: ಎಲ್ಲ ಕಡೆಗೂ ಬೇಡ

ಬದಿಯಡ್ಕ–ಪೆರ್ಲ ರಸ್ತೆಯ ತಿರುವುಗಳಲ್ಲಿ ನಿಮ್ಮ ಹಳೆಯ ಸ್ವಿಫ್ಟ್ ತಡವಾಗಿ ತಿರುಗುತ್ತದೆ, ಬ್ರೇಕ್ ಹಾಕಿದರೆ ಅತ್ತಿತ್ತ ಎಳೆಯುತ್ತದೆ, ಹಾಗಾಗಿ ಎಲ್ಲ ಬುಶ್‌ಗಳನ್ನೂ (ಸಸ್ಪೆನ್ಷನ್‌ನ ಕೀಲುಗಳಲ್ಲಿ ಕುಳಿತು ಪೆಟ್ಟು ತಡೆಯುವ ರಬ್ಬರ್ ತುಂಡುಗಳು) ಪಾಲಿಯುರೆಥೇನ್‌ಗೆ, ಅಂದರೆ ಗಟ್ಟಿ ಪ್ಲಾಸ್ಟಿಕ್‌ನಂಥ ವಸ್ತುವಿಗೆ, ಬದಲಾಯಿಸಲೇ ಎಂದು ಕೇಳಿದ್ದೀರಿ. ಎಲ್ಲವನ್ನೂ ಬದಲಾಯಿಸುವುದು ಬೇಡ. ಸ್ಟೀರಿಂಗ್‌ನಿಂದ ಚಕ್ರ ತಿರುಗಿಸುವ ಟೈ ರಾಡ್, ಚಕ್ರದ ಬಳಿಯ ಕೀಲಾದ ಬಾಲ್ ಜಾಯಿಂಟ್ ಸರಿಯಿದ್ದರೆ, ಸಂಶಯ ಮೊದಲು ಹೋಗಬೇಕಾದುದು ಮುಂದಿನ ಲೋವರ್ ಆರ್ಮ್‌ನ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳು) ಹಿಂಬದಿ ಬುಶ್‌ನತ್ತ. ಬ್ರೇಕ್ ಹಾಕಿದಾಗ ಚಕ್ರವನ್ನು ಹಿಂದಕ್ಕೆ ದೂಡುವ ಬಲಕ್ಕೆ ಮುಖ್ಯವಾಗಿ ಮಣಿಯುವುದು ಅದೇ ಆದ್ದರಿಂದ, ಅದರ ರಬ್ಬರ್ ಹರಿದಿದ್ದರೆ ಚಕ್ರದ ಟೋ ಕೋನ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ಮುಖ ಮಾಡಿರುವ ಕೋನ) ನಿಲ್ಲದೆ ಬದಲಾಗುತ್ತಿರುತ್ತದೆ.

ಅಲ್ಲಿ ಪಾಲಿಯುರೆಥೇನ್ ಹಾಕಿದರೆ ಸ್ಟೀರಿಂಗ್ ಖಂಡಿತ ಚುರುಕಾಗುತ್ತದೆ. ಆದರೆ ಗಡಸುತನ ಅಳೆಯುವ ಶೋರ್ ಎ ಮಾಪನದಲ್ಲಿ ರಬ್ಬರ್ ಬುಶ್ ಸಾಮಾನ್ಯವಾಗಿ 50ರಿಂದ 70 ಇದ್ದರೆ ಇದು 80–95ರಷ್ಟು ಗಟ್ಟಿ ಇರುವುದರಿಂದ, ಹೊಂಡಗಳ ಪೆಟ್ಟು ನೇರವಾಗಿ ಒಳಗೆ ಬರುತ್ತದೆ. ರಬ್ಬರ್ ತಾನೇ ತಿರುಚಿಕೊಂಡು ಕೆಲಸ ಮಾಡಿದರೆ, ಪಾಲಿಯುರೆಥೇನ್ ಒಳಗಿನ ಲೋಹದ ಕೊಳವೆಯ ಮೇಲೆ ಜಾರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ ನಮ್ಮ ಕಾಸರಗೋಡಿನಲ್ಲಿ ಗ್ರೀಸ್ ತೊಳೆದುಹೋದರೆ ಕಿರುಗುಟ್ಟುವುದು ಬಹುತೇಕ ಖಚಿತ. ಆದುದರಿಂದ ಲೋವರ್ ಆರ್ಮ್‌ಗೆ ಹೊಸ ಮೂಲ ರಬ್ಬರ್ ಬುಶ್, ಬೇಕಿದ್ದರೆ ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಆಂಟಿ-ರೋಲ್ ಬಾರ್‌ಗೆ ಮಾತ್ರ ಪಾಲಿಯುರೆಥೇನ್ ಸಾಕು. ಹಿಂದಿನ ಚಕ್ರಗಳೆರಡನ್ನೂ ಜೋಡಿಸುವ ಟಾರ್ಷನ್ ಬೀಮ್‌ನ ಬುಶ್ ಮುಟ್ಟಬೇಡಿ.

ರಬ್ಬರ್ ಬುಶ್‌ನ ಬೋಲ್ಟನ್ನು ಕಾರು ಚಕ್ರಗಳ ಮೇಲೆ ತನ್ನ ಭಾರದಲ್ಲಿ ನಿಂತಿರುವಾಗಲೇ ಕೊನೆಯದಾಗಿ ಬಿಗಿಯಲು ಮೆಕ್ಯಾನಿಕ್‌ಗೆ ತಪ್ಪದೆ ಹೇಳಿ. ಜ್ಯಾಕ್‌ನಲ್ಲಿ ಎತ್ತಿರುವಾಗ ಬಿಗಿದರೆ, ಕಾರು ಇಳಿದೊಡನೆ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಉಳಿದು ಬಹಳ ಬೇಗ ಹರಿಯುತ್ತದೆ. ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸಿ.