ಈಮ್ಯಾಕ್ಸ್ ಡೈರಿಯಲ್ಲಿ ತಿಂಗಳ ಕೊನೆಯ ಬ್ಯಾಂಕ್ ದಿನ ತಾನಾಗಿಯೇ ಬರುವಂತೆ ಮಾಡುವುದು ಹೇಗೆ?

ನೀವು ಕೇಳಿದ್ದು ಎರಡು. ವಿಜಯಪುರದ ನಿಮ್ಮ ಪತ್ತಿನ ಸಂಘದವರು ಪಿಗ್ಮಿ ದುಡ್ಡನ್ನು ತಿಂಗಳ ಕೊನೆಯ ಬ್ಯಾಂಕ್ ದಿನ ಕಟ್ಟಬೇಕು, ಆ ದಿನ ಈಮ್ಯಾಕ್ಸ್ (ಕಂಪ್ಯೂಟರಿನಲ್ಲಿ ಪಠ್ಯ ಬರೆಯುವ ತಂತ್ರಾಂಶ) ಡೈರಿಯಲ್ಲಿ ತಾನಾಗಿಯೇ ಕಾಣಿಸಬೇಕು. ಜೊತೆಗೆ ಅಮಾವಾಸ್ಯೆಯೂ ಹಾಗೇ ಬರಬೇಕು. ನಾನೂ ಬಾಗಲಕೋಟೆಯಲ್ಲಿ ಕೂತು ಇದೇ ಡೈರಿಯಲ್ಲಿ ಆಫೀಸಿನ ಲೆಕ್ಕದ ತಾರೀಖು ಇಡುವವನು. ಮೊದಲನೆಯದು ಆರಾಮಾಗಿ ಆಗುತ್ತೆ. ಎರಡನೆಯದಕ್ಕೆ ಪ್ರೋಗ್ರಾಮ್ ಬರೆಯೋಕೆ ಹೋಗಬೇಡಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನೀವು "ಮುಂದಿನ ತಾರೀಖು ಯಾವುದು ಅಂತ ಹುಡುಕುವ ಕೋಡ್" ಕೇಳಿದ್ದೀರಿ. ಡೈರಿಗೆ ಅದು ಬೇಕಿಲ್ಲ. ಸಾಲಿನ ಮೊದಲಿಗೆ ಎರಡು ಶೇಕಡಾ ಗುರುತು ಹಾಕಿ, ಕಂಸದಲ್ಲಿ ಲಿಸ್ಪ್ (ಈಮ್ಯಾಕ್ಸ್‌ನ ಪ್ರೋಗ್ರಾಮ್ ಭಾಷೆ) ಬರೆದರೆ, ಈಮ್ಯಾಕ್ಸ್ ತೋರಿಸಬೇಕಾದ ಒಂದೊಂದು ದಿನಕ್ಕೂ ಆ ಕೋಡನ್ನು ಓಡಿಸಿ ನೋಡುತ್ತೆ. ಆ ದಿನದ ತಾರೀಖು 'ಡೇಟ್' ಅನ್ನೋ ವೇರಿಯಬಲ್‌ನಲ್ಲಿ ಇರುತ್ತೆ. ನಿಮ್ಮ ಕೋಡ್ ಹೇಳಬೇಕಾದ್ದು ಇಷ್ಟೇ: ಇವತ್ತು ಹೌದಾ, ಅಲ್ವಾ? ನಿಲ್ (ಲಿಸ್ಪ್‌ನಲ್ಲಿ 'ಅಲ್ಲ') ಬಂದರೆ ಸಾಲು ಕಾಣಿಸಲ್ಲ, ಬೇರೆ ಏನೇ ಬಂದರೂ ಕಾಣಿಸುತ್ತೆ. ಇದು ತಲೆಗೆ ಹೋದರೆ ಎಂಥ ವಿಚಿತ್ರ ನಿಯಮವನ್ನೂ ಬರೆಯಬಹುದು.

2015ರ ಸೆಪ್ಟೆಂಬರ್ 1ರಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕ್ ರಜೆ. ಅದನ್ನು ಬರೀ ತೋರಿಸುವುದಕ್ಕೆ ಹೊಸ ಫಂಕ್ಷನ್ ಏನೂ ಬೇಡ (ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಲಿಸ್ಪ್ ಹೆಸರುಗಳನ್ನು ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ):

%%(ಡೈರಿ-ಫ್ಲೋಟ್ ಟಿ 6 2) ಬ್ಯಾಂಕ್ ರಜೆ
%%(ಡೈರಿ-ಫ್ಲೋಟ್ ಟಿ 6 4) ಬ್ಯಾಂಕ್ ರಜೆ

ಟಿ ಅಂದರೆ ಎಲ್ಲ ತಿಂಗಳು, 6 ಅಂದರೆ ಶನಿವಾರ, ಭಾನುವಾರ 0. ಕೊನೇ ನಂಬರು ಎಷ್ಟನೆಯದು ಅಂತ, ಮೈನಸ್ 1 ಹಾಕಿದರೆ ತಿಂಗಳ ಕೊನೆಯದು.

ಈಗ ನಿಮ್ಮ ಪಿಗ್ಮಿ. ಇನಿಟ್ ಫೈಲಿನಲ್ಲಿ (ಈಮ್ಯಾಕ್ಸ್ ಶುರುವಾಗುವಾಗ ಓದುವ ಫೈಲು) ಒಂದು ಫಂಕ್ಷನ್ ಬರೆಯಿರಿ. ಹೆಸರು ಕನ್ನಡದಲ್ಲೇ 'ಕೊನೆ-ದಿನ' ಅಂತ ಇಟ್ಟರೂ ಈಮ್ಯಾಕ್ಸ್ ತಕರಾರು ಮಾಡಲ್ಲ. ಒಳಗೆ ಕೆಲಸ ಹೀಗೆ: ಕೊಟ್ಟ ತಾರೀಖಿನಿಂದ ತಿಂಗಳು, ವರ್ಷ ತೆಗೆದುಕೊಳ್ಳಿ, 'ಕ್ಯಾಲೆಂಡರ್-ಲಾಸ್ಟ್-ಡೇ-ಆಫ್-ಮಂತ್' ಕೇಳಿ ಆ ತಿಂಗಳ ಕೊನೇ ದಿನ ತಿಳಿದುಕೊಳ್ಳಿ. ಆ ದಿನ ಭಾನುವಾರವಾದರೆ ಒಂದು ದಿನ ಹಿಂದೆ ಬನ್ನಿ. ಶನಿವಾರವಾಗಿದ್ದು ತಾರೀಖು 8ರಿಂದ 14 ಅಥವಾ 22ರಿಂದ 28ರೊಳಗೆ ಇದ್ದರೆ ಆಗಲೂ ಒಂದು ದಿನ ಹಿಂದೆ. ಹೀಗೆ ವೈಲ್ ಲೂಪ್‌ನಲ್ಲಿ ರಜೆ ಅಲ್ಲದ ದಿನ ಸಿಗುವ ತನಕ ಹಿಂದೆ ಸರಿಯಿರಿ. ಸಿಕ್ಕ ದಿನವೂ ಕೊಟ್ಟ ದಿನವೂ ಒಂದೇನಾ ಅಂತ ಕೊನೆಗೆ ಹೋಲಿಸಿ, ಹೌದಾದರೆ ಬರೀ ಟಿ ಅಲ್ಲ, ಡೈರಿ ಸಾಲಿನ ಪಠ್ಯವಿರುವ 'ಎಂಟ್ರಿ' ವೇರಿಯಬಲ್ ಅನ್ನೇ ವಾಪಸ್ ಕೊಡಿ, ಮುಗೀತು. ವಾರ ತಿಳಿಯಲು 'ಕ್ಯಾಲೆಂಡರ್-ಡೇ-ಆಫ್-ವೀಕ್' ಇದೆ.

ಶನಿವಾರದ ಆ ಷರತ್ತು ಸುಮ್ನೆ ಅಲ್ಲ. ಬೇರೆ ತಿಂಗಳುಗಳಲ್ಲಿ ಅದು ಕೆಲಸಕ್ಕೇ ಬರಲ್ಲ, ಯಾಕಂದ್ರೆ 30 ಅಥವಾ 31ನೇ ತಾರೀಖಿನ ಶನಿವಾರ ಐದನೆಯದು, ಅವತ್ತು ಬ್ಯಾಂಕ್ ತೆಗೆದಿರುತ್ತೆ. ಕೈಕೊಡುವುದು ಫೆಬ್ರವರಿ. 2026ರ ಫೆಬ್ರವರಿ 28 ಶನಿವಾರ, ಅದೂ ನಾಲ್ಕನೆಯದು, ಹಾಗಾಗಿ ದುಡ್ಡು ಶುಕ್ರವಾರ 27ಕ್ಕೇ ಕಟ್ಟಬೇಕು. 2032ರಲ್ಲಿ ಇನ್ನೂ ಮಜಾ ಇದೆ, 29 ಭಾನುವಾರ, 28 ನಾಲ್ಕನೇ ಶನಿವಾರ, ಎರಡು ದಿನ ಹಿಂದೆ ಬರಬೇಕು. ವೈಲ್ ಬದಲು ಒಂದೇ ಸಲ ಇಫ್ ಹಾಕಿದರೆ ಇಲ್ಲಿ ತಪ್ಪುತ್ತೆ.

ಡೈರಿಯಲ್ಲಿ ಸಾಲು ಹೀಗಿರಲಿ:

%%(ಡೈರಿ-ರಿಮೈಂಡ್ '(ಕೊನೆ-ದಿನ ಡೇಟ್) 2) ಪಿಗ್ಮಿ ದುಡ್ಡು ಬ್ಯಾಂಕಿಗೆ

ಇದು ಎರಡು ದಿನ ಮುಂಚೆ ಒಮ್ಮೆ, ಅದೇ ದಿನ ಇನ್ನೊಮ್ಮೆ ತೋರಿಸುತ್ತೆ. ಒಳಗಿನ ಕಂಸದ ಮುಂದಿರುವ ಕೋಟ್ ಗುರುತು ಬಿಡಬೇಡಿ.

ಡೇಟ್ ಯಾವಾಗಲೂ ತಿಂಗಳು, ದಿನ, ವರ್ಷ ಅನ್ನೋ ಕ್ರಮದಲ್ಲೇ ಇರುತ್ತೆ. ನೀವು ಡೈರಿಯನ್ನು ಯುರೋಪಿಯನ್ ಸ್ಟೈಲಿಗೆ ಬದಲಿಸಿ ದಿನ ಮೊದಲು ಬರೆಯುತ್ತಿದ್ದರೂ ಅಷ್ಟೇ. ಸ್ಟೈಲ್ ಬದಲಿಸಿದರೆ ಡೈರಿ-ಡೇಟ್, ಡೈರಿ-ಸೈಕ್ಲಿಕ್, ಡೈರಿ-ಆ್ಯನಿವರ್ಸರಿ ಇವಕ್ಕೆ ಕೊಡುವ ನಂಬರುಗಳ ಕ್ರಮ ಬದಲಾಗುತ್ತೆ, ಡೇಟ್ ಒಳಗಿನದು ಬದಲಾಗಲ್ಲ.

ಉಳಿದ ಬ್ಯಾಂಕ್ ರಜೆಗಳಿಗೆ ಆ ಲೂಪ್‌ನಲ್ಲಿ, ರಜೆ ಪಟ್ಟಿ ನೋಡಿ ಹೇಳುವ 'ಕ್ಯಾಲೆಂಡರ್-ಚೆಕ್-ಹಾಲಿಡೇಸ್' ಸೇರಿಸೋಣ ಅನಿಸುತ್ತೆ. ಸೇರಿಸಿ, ಆದರೆ ಮೊದಲು ಈಮ್ಯಾಕ್ಸ್ ಜೊತೆ ಬಂದ ರಜೆ ಪಟ್ಟಿ ಖಾಲಿ ಮಾಡಿ. ಅದರಲ್ಲಿರುವ ಸಾಮಾನ್ಯ ರಜೆಗಳು ಅಮೆರಿಕದವು. ಅಕ್ಟೋಬರ್ 31ಕ್ಕೆ ಹ್ಯಾಲೋವೀನ್ ಇದೆ ಅದರಲ್ಲಿ! ಹಾಗೇ ಬಿಟ್ಟರೆ ಗೋಳಗುಮ್ಮಟದ ಊರಲ್ಲಿ ಹ್ಯಾಲೋವೀನಿಗೆ ಬ್ಯಾಂಕ್ ಬಂದ್ ಅಂತ ತಿಳಿದು ನಿಮ್ಮ ಡೈರಿ 30ಕ್ಕೇ ದುಡ್ಡು ಕಟ್ಟು ಅನ್ನುತ್ತೆ. ನಿಮ್ಮ ಬ್ಯಾಂಕಿನ ಆ ವರ್ಷದ ಪಟ್ಟಿ ನೋಡಿ, 'ಹಾಲಿಡೇ-ಫಿಕ್ಸೆಡ್' ಸಾಲುಗಳನ್ನು ಕೈಯಾರೆ ತುಂಬಿ.

ಇನ್ನು ಅಮಾಸಿ. ನಮ್ಮ ಕಡೆ ಅಂಗಡಿ ಪೂಜೆ, ಎಳ್ಳ ಅಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು, ಎಲ್ಲಾ ಇದರ ಮೇಲೇ ನಿಂತಿದೆ, ಬೇಕೇ ಬೇಕು ನಿಜ. 'ಡೈರಿ-ಲೂನಾರ್-ಫೇಸಸ್' ಹಾಕಿದರೆ ಅಮಾವಾಸ್ಯೆಯ ಕ್ಷಣ ಸಮಯದ ಸಮೇತ ಬರುತ್ತೆ. ಆದರೆ ಆ ಕ್ಷಣಕ್ಕೆ ಅಮಾವಾಸ್ಯೆ ತಿಥಿ ಮುಗಿಯುತ್ತೆ. ಅದು ಬೆಳಗಿನ ಜಾವ 4 ಗಂಟೆಗೆ ಬಿತ್ತು ಅಂದುಕೊಳ್ಳಿ. ಈಮ್ಯಾಕ್ಸ್ ಅವತ್ತಿನ ತಾರೀಖು ತೋರಿಸುತ್ತೆ, ಸೂರ್ಯ ಹುಟ್ಟುವಾಗ ಆಗಲೇ ಪಾಡ್ಯ, ಗೋಡೆಯ ಕ್ಯಾಲೆಂಡರಿನಲ್ಲಿ ಅಮಾಸಿ ಹಿಂದಿನ ದಿನ. ಹಬ್ಬಗಳಿಗೆ ಬೇರೆ ಲೆಕ್ಕ, ದೀಪಾವಳಿ ಅಮಾಸಿಗೆ ಸಂಜೆ ಹೊತ್ತು ನೋಡುತ್ತಾರೆ. ಇದನ್ನೆಲ್ಲ ಲಿಸ್ಪ್‌ಗೆ ಕಲಿಸುವ ಬದಲು ಪಂಚಾಂಗ ನೋಡಿ ವರ್ಷಕ್ಕೆ 12 ಅಥವಾ 13 ತಾರೀಖು ಟೈಪ್ ಮಾಡಿಬಿಡಿ.

ಇಂಥ ಸಾಲುಗಳು ಜಾಸ್ತಿಯಾಗಿ, ಕ್ಯಾಲೆಂಡರಿನಲ್ಲಿ ಗುರುತು ಹಾಕುವಾಗ ಈಮ್ಯಾಕ್ಸ್ ಕುಂಟಿದರೆ ಶೇಕಡಾ ಗುರುತಿಗಿಂತ ಮೊದಲು & ಸೇರಿಸಿ. ಸಾಲು ಡೈರಿಯಲ್ಲಿ ಬರುತ್ತೆ, ಕ್ಯಾಲೆಂಡರಿನಲ್ಲಿ ಬಣ್ಣ ಬೀಳಲ್ಲ ಅಷ್ಟೇ. ಪರೀಕ್ಷೆ ಮಾಡಲು ಕ್ಯಾಲೆಂಡರಿನಲ್ಲಿ ಜಿ, ಡಿ ಒತ್ತಿ 2026ರ ಫೆಬ್ರವರಿಗೆ ಹೋಗಿ, 25, 27, 28 ಈ ಮೂರರ ಮೇಲೂ ನಿಂತು ಡಿ ಒತ್ತಿ. ಮೊದಲ ಎರಡಕ್ಕೆ ಸಾಲು ಬರಬೇಕು, 28ಕ್ಕೆ ಬರಬಾರದು. ಏನೂ ಬರದೆ ಸೆಕ್ಸ್‌ಪ್ (ಕಂಸದೊಳಗಿನ ಲಿಸ್ಪ್ ಕೋಡ್) ಸರಿಯಿಲ್ಲ ಅಂತ ಎರರ್ ಬಂದರೆ ಅದರಲ್ಲೇ ಸಾಲಿನ ನಂಬರು ಇರುತ್ತೆ, ಮೊದಲು ಅಲ್ಲಿನ ಕಂಸಗಳನ್ನು ಎಣಿಸಿ.