ಕಲೆ-ಪ್ರಶ್ನೋತ್ತರ: ಕೂದಲು ತೊಳೆಯುವ ಇಬ್ಬರು ಹೆಂಗಸರು

ಪ್ರಶ್ನೆ: ಹಳೇ ಪುಸ್ತಕವೊಂದರಲ್ಲಿ ರೊಮೇನಿಯಾದ ಚಿತ್ರ ನೋಡಿದೆ. ಮನೆಯೊಳಗೆ ಒಬ್ಬಳು ಇನ್ನೊಬ್ಬಳ ಕೂದಲು ತೊಳೆಯುತ್ತಿದ್ದಾಳೆ, ಅಷ್ಟೇ. ಕೆಳಗೆ ‘ಲುಕಿಯಾನ್’ ಅಂತ ಇತ್ತು. ಇದರಲ್ಲಿ ಅಂಥದ್ದೇನಿದೆ?

ಉತ್ತರ: ನೀವು ನೋಡಿದ್ದು ಶ್ತೆಫಾನ್ ಲುಕಿಯಾನ್ ಅವರ ‘ಲಉತುಲ್’, 1912ರ ಸುಮಾರಿನದು. ಹೆಸರಿನ ಅರ್ಥವೂ ತಲೆ ತೊಳೆಯುವುದು ಅಂತಲೇ. ರೊಮೇನಿಯನ್ ಭಾಷೆಯಲ್ಲಿ ಬಟ್ಟೆ, ಪಾತ್ರೆ ತೊಳೆಯೋದಕ್ಕೆ ಒಂದು ಮಾತು, ತಲೆ ತೊಳೆಯೋದಕ್ಕೇ ಬೇರೆ ಹಳೇ ಮಾತು ಇದೆ. ಆ ಹಳೇ ಮಾತನ್ನೇ ಇಲ್ಲಿ ಹೆಸರಾಗಿ ಇಟ್ಟಿದ್ದಾರೆ. ನನಗಂತೂ ಅದು ತುಂಬಾ ಇಷ್ಟ.

ಇದರಲ್ಲಿ ಕಥೆ ಹುಡುಕಬೇಡಿ. ತಲೆ ಬಗ್ಗಿಸಿದವಳನ್ನು ನೋಡಿ. ಅವಳಿಗೆ ಆ ಹೊತ್ತಿನಲ್ಲಿ ಏನೂ ಕಾಣಿಸೋದಿಲ್ಲ, ತನ್ನ ಕತ್ತನ್ನು ಇನ್ನೊಬ್ಬಳ ಕೈಗೆ ಒಪ್ಪಿಸಿಬಿಟ್ಟಿದ್ದಾಳೆ. ಅಷ್ಟು ನಂಬಿಕೆ ಇದ್ದರೆ ಮಾತ್ರ ಹಾಗೆ ಬಗ್ಗೋಕಾಗುತ್ತದೆ, ಅಲ್ವಾ? ಅದೇ ಚಿತ್ರದ ವಿಷಯ.

ಇದಕ್ಕಿಂತ ಮೊದಲೂ ರೊಮೇನಿಯಾದಲ್ಲಿ ಮನೆಯೊಳಗಿನ ಚಿತ್ರಗಳು ಇದ್ದವು. ತೆಯೊದೊರ್ ಅಮಾನ್ ಬುಕಾರೆಸ್ಟಿನ ತಮ್ಮ ಚೆಂದದ ಮನೆಯ ಸಂಜೆಕೂಟಗಳನ್ನು ಬರೆದರು, ಅಲ್ಲಿ ಎಲ್ಲರೂ ಒಳ್ಳೇ ಉಡುಪು ತೊಟ್ಟ ದೊಡ್ಡ ಮನೆಯವರು. ಲುಕಿಯಾನ್ ಮನಸ್ಸು ಹೋದದ್ದು ಹೂ ಮಾರುವ ಸಾಫ್ತಾ, ಕೋಬ್ಜಾ ಅನ್ನೋ ತಂತಿವಾದ್ಯ ನುಡಿಸುವ ಮುದುಕ ನಿಕೊಲಾಯೆ, ಮೆಕ್ಕೆಜೋಳದ ಪಾಲಿಗೆ ಕಾದು ನಿಂತ ರೈತರು, ಇಂಥವರ ಕಡೆಗೆ. 1890ರ ದಶಕದ ಆರಂಭದಲ್ಲಿ ಪ್ಯಾರಿಸ್‌ನಲ್ಲಿ ಓದಿದವರು ಅವರು. ಫ್ರೆಂಚ್ ಚಿತ್ರಕಾರ ಡೆಗಾ ಬರೆದ ಸ್ನಾನದ, ತಲೆ ಬಾಚುವ ಹೆಂಗಸರ ನೆನಪು ಈ ಚಿತ್ರದಲ್ಲಿ ಇದೆ ಅನಿಸುತ್ತದೆ. ಆದರೆ ಡೆಗಾ ದೂರ ನಿಂತು ನೋಡುತ್ತಾರೆ, ಲುಕಿಯಾನ್ ಅದೇ ಮನೆಯವರ ಹಾಗೆ ನೋಡುತ್ತಾರೆ.

ಪ್ರಶ್ನೆ: ಲುಕಿಯಾನ್ ಅವರಿಗೆ ಕೈಕಾಲು ಆಡುತ್ತಿರಲಿಲ್ಲವಂತೆ, ನಿಜವೇ?

ಉತ್ತರ: ನಿಜ. 1900ರ ಹೊತ್ತಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಶುರುವಾಯಿತು. ನರಗಳ ಕಾಯಿಲೆ ಅದು, ಮೆದುಳು ಹೇಳಿದ್ದು ಕೈಕಾಲಿಗೆ ಸರಿಯಾಗಿ ತಲುಪುವುದಿಲ್ಲ. 1909ರ ಹೊತ್ತಿಗೆ ಕುರ್ಚಿಯೇ ಗತಿಯಾಯಿತು. ಕೊನೆಕೊನೆಗೆ ಬೆರಳು ಕುಂಚ ಹಿಡಿಯದಾದಾಗ ಅದನ್ನು ಮಣಿಕಟ್ಟಿಗೆ ಕಟ್ಟಿಸಿಕೊಂಡು ಬರೆದರು. ಕಾಯಿಲೆಯಿಂದ ಚಿತ್ರವನ್ನು ಅಳೆಯಬಾರದು ಅಂತ ನಾನೇ ಎಷ್ಟೋ ಸಲ ಹೇಳಿದ್ದೇನೆ. ಆದರೂ ‘ಲಉತುಲ್’ ಬರೆಯುವಾಗ ಅವರ ದಿನವೂ ಬೇರೆಯವರ ಕೈಯಲ್ಲೇ ನಡೆಯುತ್ತಿತ್ತು ಅನ್ನುವುದನ್ನು ಮರೆತು ಆ ಬಗ್ಗಿದ ತಲೆಯನ್ನು ನೋಡಲು ನನಗೆ ಆಗುವುದೇ ಇಲ್ಲ. 1916ರಲ್ಲಿ ತೀರಿಕೊಂಡಾಗ ಅವರಿಗೆ 48 ವರ್ಷ.

ಪ್ರಶ್ನೆ: ಮೂಲ ಚಿತ್ರ ಎಲ್ಲಿದೆ?

ಉತ್ತರ: ಬುಕಾರೆಸ್ಟಿನ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿ. ಹಿಂದೆ ಅದು ರಾಜರ ಅರಮನೆ. ಅವರ ಅನಿಮೋನ್ ಹೂಗಳ ಚಿತ್ರ ಎಲ್ಲಿ ಸಿಕ್ಕರೂ ಬಿಡಬೇಡಿ, ಆ ಕೆಂಪನ್ನು ಹತ್ತಿರದಿಂದಲೇ ನೋಡಬೇಕು.