ಮೊಲ ತಿನ್ನುತ್ತಿಲ್ಲ ಅಂದರೆ ನಾಳೆವರೆಗೆ ಕಾಯಬೇಡಿ
ಬೀದರಿನಲ್ಲಿದ್ದೀವಿ, ನಿನ್ನೆ ರಾತ್ರಿಯಿಂದ ಮೊಲ ಹುಲ್ಲು ಮುಟ್ಟಿಲ್ಲ, ಹಿಕ್ಕೆನೂ ಹಾಕಿಲ್ಲ, ನಾಳೆವರೆಗೆ ನೋಡ್ಲಾ ಅಂತ ಕೇಳಿದ್ದೀರಿ. ಬ್ಯಾಡ್ರಿ. ನಾಯಿ ಒಂದಿನ ಉಪವಾಸ ಇದ್ದರೆ ನಡೀತದ. ಮೊಲಕ್ಕೆ 12 ತಾಸೇ ಹೆಚ್ಚು, ಕರುಳಿನ ಓಡಾಟವೇ ನಿಲ್ತದ. ನಂದಿನಗರದ ಪಶುವೈದ್ಯಕೀಯ ಕಾಲೇಜಿಗೆ ಈಗಲೇ ಫೋನ್ ಹಚ್ಚಿ, ಒಯ್ಯಿರಿ.

ಹೊರಡೋ ಮುಂಚೆ ಕಿವಿ ಮುಟ್ಟಿ ನೋಡಿ. ತಣ್ಣಗಿದ್ದರೆ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕಕ್ಕಿಡಿ. ಸುಡ್ತಿದ್ದರೆ (ನಮ್ಮ ಬಿಸಿಲಿಗೆ ಅದೂ ಆಗ್ತದ) ಒದ್ದೆ ಬಟ್ಟೆಯಿಂದ ಒರೆಸಿ. ಹೊಟ್ಟೆ ಡೋಲಿನಂಗ ಬಿಗಿದಿದ್ದರೆ ಸಿರಿಂಜಿನಲ್ಲಿ ಏನೂ ತಿನ್ನಿಸಬೇಡಿ. ಮೊಲಕ್ಕೆ ವಾಂತಿ ಮಾಡಾಕ ಬರಲ್ಲ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ (ಆಂಟಿಬಯೋಟಿಕ್ ಔಷಧಿ) ಅಂತೂ ಕುಡಿಸಲೇಬೇಡಿ, ಜೀವಕ್ಕೇ ಕುತ್ತು. ನಮ್ಮನೆಯಲ್ಲೂ ಒಬ್ಬರು ಬಾಟಲಿ ಮುಚ್ಚಳ ತೆಗೆದೇಬಿಟ್ಟಿದ್ದರು!

ಕೊನೆಗೆ ಹಾಕಿದ ಹಿಕ್ಕೆ ಸಿಕ್ಕರೆ ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.